ಮೊಲದ ಆಣೆಯ ಮೂರನೆಯ ಮಾತು

ನಮ್ಮ ತೋಡಾರಿನಲ್ಲಿ ಕೇಶವಪ್ರಸಾದ ಮಾಸ್ಟ್ರಿಗೆ ಗೊತ್ತಿಲ್ಲದ ವಿಷಯ ಎಂಬುದಿಲ್ಲ. ಹಾಗೇನಾದರೂ ಒಂದು ಎದುರಾದರೆ ಅವರು ಅದನ್ನು ಮರುದಿನ ಮೊಬೈಲಿನಲ್ಲಿ ನೋಡಿ, ಮೂರನೆಯ ದಿನ ನಮಗೆ ಕಲಿಸುತ್ತಾರೆ. ಮೂವತ್ತೈದು ವರ್ಷದ ಹಿಂದೆ ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ನನಗೆ ಅ ಆ ಬರೆಸಿದವರೂ ಅವರೇ. "ಸೇಸಮ್ಮ, ದಿನಕ್ಕೆ ಎರಡು ಸಾಲು ಬರೆಯಬೇಕು. ಆ ದಿನ ಕಂಡದ್ದು ಬರೆದರೆ ಸಾಕು" ಎಂದು ಮನೆಗೆಲಸ ಕೊಟ್ಟಿದ್ದರು. ಆಮೇಲೆ ಅವರಿಗೆ ಘಟ್ಟದ ಮೇಲಿನ ಶಾಲೆಗೆ ವರ್ಗವಾಯಿತು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ನಾನು ಇವತ್ತಿಗೂ ಬರೆಯುತ್ತಿದ್ದೇನೆ.

ಮೊಲವೂ ಮೊಬೈಲಿನಿಂದಲೇ ಬಂದದ್ದು. ಮೊಲದ ಹಿಕ್ಕೆ ಮಲ್ಲಿಗೆ ಗಿಡಕ್ಕೆ ಬಹಳ ಒಳ್ಳೆಯ ಗೊಬ್ಬರ ಎಂದು ಯಾರೋ ಹೇಳುವುದನ್ನು ಮಾಸ್ಟ್ರು ನೋಡಿದರು. ಅವರ ಹೆಂಡತಿ ತುಂಗಕ್ಕನಿಗೆ ಅಂಗಳದಲ್ಲಿ ಹದಿನಾರು ಮಲ್ಲಿಗೆ ಗಿಡ ಉಂಟು. ಮಾಸ್ಟ್ರು ಕೊಕ್ಕಡದವರೆಗೆ ಬಸ್ಸಿನಲ್ಲಿ ಹೋಗಿ, ಒಂದು ಗಂಡು ಒಂದು ಹೆಣ್ಣು ಬೆಳ್ಳಗಿನ ಮೊಲ ತಂದರು. ಮೊಲಗಳು ಹಿಕ್ಕೆ ಹಾಕಿದ್ದು ನಿಜ. ಆದರೆ ಅದು ಗೊಬ್ಬರವಾಗುವ ಮೊದಲೇ ಅವು ಗೂಡಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದು ಹನ್ನೊಂದು ಗಿಡದ ಚಿಗುರು ತಿಂದು ಮುಗಿಸಿದ್ದವು.

ತುಂಗಕ್ಕ ಜಗಳ ಮಾಡುವ ಹೆಂಗಸಲ್ಲ. "ಈ ಮನೆಯಲ್ಲಿ ಒಂದೋ ಮಲ್ಲಿಗೆ, ಇಲ್ಲ ಮೊಲ. ಯೋಚನೆ ಮಾಡಿ ಹೇಳಿ, ಅವಸರ ಇಲ್ಲ. ಮಧ್ಯಾಹ್ನದ ಊಟದ ಒಳಗೆ ಹೇಳಿದರೆ ಆಯಿತು" ಎಂದರು.

ಮಾಸ್ಟ್ರಿಗೆ ಇಂಥ ಹೊತ್ತಿನಲ್ಲಿ ಹೋಗುವುದಕ್ಕೆ ಇದ್ದದ್ದು ಒಂದೇ ಜಾಗ, ಎರಡು ಮನೆಯ ನಡುವಿನ ಪಾಗಾರದ ಗೋಡೆ. ಆಚೆಯ ಮನೆ ಸುಧಾಕರ ಶೆಟ್ರದ್ದು. ಶೆಟ್ರು ದುಬೈಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ದಿನಾ ಸಂಜೆ ಐದು ಗಂಟೆಗೆ ಆ ಪಾಗಾರದ ಮೇಲೆ ಶೆಟ್ರ ಕಡೆಯಿಂದ ಎರಡು ಗ್ಲಾಸು ಚಹಾ, ಮಾಸ್ಟ್ರ ಕಡೆಯಿಂದ ಒಂದು ತಟ್ಟೆ ಕುರುಕಲು ಬಂದು ಕೂರುತ್ತಿತ್ತು. ಎರಡೂ ಮನೆಗೆ ಸೇರಿ ಒಂದೇ ಪೇಪರು. ತಮಗೆ ಏನೂ ಸಂಬಂಧವಿಲ್ಲದ ದೇಶಗಳ ವಿಷಯದಲ್ಲಿ ಇಬ್ಬರೂ ಕತ್ತಲಾಗುವವರೆಗೆ ಚರ್ಚೆ ಮಾಡುತ್ತಿದ್ದರು. ನಾನು ಮಾಸ್ಟ್ರ ಮನೆಯ ದನಕ್ಕೆ ಹುಲ್ಲು ತರುವವಳು. ಆ ಎರಡು ಗ್ಲಾಸು ಕಂಡರೆ ಗಂಟೆ ಐದಾಯಿತು ಎಂದು ನನಗೆ ಲೆಕ್ಕ.

ಶೆಟ್ರ ಕೋಳಿಗೂಡು ಖಾಲಿ ಇತ್ತು. ಮೊಲ ಇಡುವುದಕ್ಕೆ ಅವರು ಒಪ್ಪಿದರು. ಆದರೆ ಬುಟ್ಟಿಯೊಳಗೆ ಇಣುಕಿದವರು ಬಾಯಿ ಮುಚ್ಚಿಕೊಂಡಿರಬೇಕಲ್ಲ.

"ಒಳ್ಳೆ ತೂಕ ಉಂಟು ಮಾಸ್ಟ್ರೇ. ನಮ್ಮ ಹೋಟೆಲಿನಲ್ಲಿ ಇದರ ಸುಕ್ಕ ಮಾಡ್ತಿದ್ದರು, ತೆಂಗಿನಕಾಯಿ ಹುರಿದು ಹಾಕಿ."

ಮಾಸ್ಟ್ರು ಬುಟ್ಟಿಯನ್ನು ಹಿಂದಕ್ಕೆ ಎಳೆದರು.

"ತಮಾಷೆಗೆ ಹೇಳಿದ್ದು ಮಾರಾಯ್ರೇ."

"ತಮಾಷೆಗೆ ಯಾರೂ ಅಡುಗೆಯ ಕ್ರಮ ಹೇಳುವುದಿಲ್ಲ. ನೀವು ಕಾಯಿ ಹುರಿಯುವುದರವರೆಗೆ ಹೋದಿರಿ. ಆಣೆ ಹಾಕಿ."

"ಯಾವ ಆಣೆ?"

"ಯಾವ ಆಣೆ ಅಂತ ಕೇಳುವ ಊರಾ ಇದು? ಧರ್ಮಸ್ಥಳದ ಆಣೆ."

ಇದನ್ನು ಓದುವವರು ಬೇರೆ ಊರಿನವರಾಗಿದ್ದರೆ ಅವರಿಗೆ ಒಂದು ಮಾತು. ನಮ್ಮ ಕಡೆ ಪೊಲೀಸರ ಎದುರು ನಿಂತು ಹತ್ತು ಸುಳ್ಳು ಹೇಳುವವನನ್ನೂ "ಧರ್ಮಸ್ಥಳಕ್ಕೆ ಹೋಗುವ, ಅಲ್ಲಿ ಹೇಳು" ಎಂದು ಕರೆದರೆ ಅವನ ಮುಖದ ಬಣ್ಣ ಹೋಗುತ್ತದೆ. ಆಣೆ ಹಾಕಿದರೆ ಹಾಕಿದ ಹಾಗೆಯೇ. ಬಿಡಬೇಕಾದರೆ ಹಾಕಿಸಿದವರು, ಹಾಕಿದವರು ಇಬ್ಬರೂ ಜೊತೆಯಾಗಿ ಹೋಗಿ ದೇವರ ಎದುರು ನಿಂತು ಬಿಡಿಸಿಕೊಂಡು ಬರಬೇಕು ಎಂದು ನಮ್ಮ ನಂಬಿಕೆ. ಶೆಟ್ರು ನಗುತ್ತಲೇ ಬುಟ್ಟಿಯ ಮೇಲೆ ಕೈ ಇಟ್ಟರು, ಮಾಸ್ಟ್ರು ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿಕೊಟ್ಟರು. ಅಷ್ಟು ಹೊತ್ತು ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದವರು ಈಗ ಕನ್ನಡಕ್ಕೆ ಬಂದರು, ಮುಖ್ಯ ವಿಷಯ ಮಾಸ್ಟ್ರಿಗೆ ಕನ್ನಡದಲ್ಲೇ ಆಗಬೇಕು.

"ಈ ಮೊಲಗಳನ್ನು ಕೊಲ್ಲುವುದಿಲ್ಲ."

"ಕೊಲ್ಲುವುದಿಲ್ಲ."

"ಕೊಲ್ಲುವವರಿಗೆ ಕೊಡುವುದೂ ಇಲ್ಲ."

"ಕೊಡುವುದೂ ಇಲ್ಲ."

"ಸೇಸಮ್ಮ, ನೀನು ಸಾಕ್ಷಿ" ಎಂದರು ಮಾಸ್ಟ್ರು. ನನ್ನ ತಲೆಯ ಮೇಲೆ ಹುಲ್ಲಿನ ಕಟ್ಟ ಇತ್ತು. ಹೂಂ ಎಂದು ದನದ ಹಟ್ಟಿಯ ಕಡೆಗೆ ನಡೆದೆ.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಇದು ನಡೆದದ್ದು. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು, ಶೆಟ್ರು ಮೊಲದ ಮೇಲೆ ಮೂರು ಮಾತಿನ ಆಣೆ ಹಾಕಿದ್ದಾರೆ ಎಂದು. ಕೊಲ್ಲಬಾರದು, ಕೊಲ್ಲುವವರಿಗೆ ಕೊಡಬಾರದು, ಜೋಡಿಯನ್ನು ಅಗಲಿಸಬಾರದು. ಈ ಮೂರನೆಯದನ್ನು ಹೇಳುವಾಗ ಮಾಸ್ಟ್ರ ಸ್ವರ ಸ್ವಲ್ಪ ತಗ್ಗುತ್ತಿತ್ತು. ಘಟ್ಟದ ಮೇಲಿನ ಶಾಲೆಯಲ್ಲಿ ಹನ್ನೊಂದು ವರ್ಷ ತುಂಗಕ್ಕನನ್ನು ಇಲ್ಲಿ ಬಿಟ್ಟು, ತಾವೇ ಅನ್ನ ಬೇಯಿಸಿಕೊಂಡು ಇದ್ದವರು. ಆದ್ದರಿಂದ ಯಾರೂ ಅವರನ್ನು ಏನೂ ಕೇಳಲಿಲ್ಲ.

ಕೊಲ್ಲದೆ, ಕೊಡದೆ, ಅಗಲಿಸದೆ ಮೊಲ ಸಾಕಿದರೆ ಏನಾಗುತ್ತದೆ ಎಂದು ಆಡು ಕೋಳಿ ಸಾಕಿದ ನನಗೆ ಅಂದಾಜಿತ್ತು. ಮೂವತ್ತು ವರ್ಷ ಮಗ್ಗಿ ಕಲಿಸಿದ ಮಾಸ್ಟ್ರಿಗೂ ಇರಬಹುದು ಎಂದುಕೊಂಡಿದ್ದೆ. ಹೆಣ್ಣು ಮೊಲ ತಿಂಗಳಿಗೊಮ್ಮೆ ಮರಿ ಹಾಕಿತು. ಒಂದು ಸಲ ಆರು, ಒಂದು ಸಲ ಎಂಟು. ಸುಗ್ಗಿ ತಿಂಗಳಿಗೆ ಕೋಳಿಗೂಡು ಸಾಲದೆ ಶೆಟ್ರು ಕಾರಿನ ಶೆಡ್ಡಿಗೆ ಬಲೆ ಹೊಡೆದರು, ಕಾರು ಮಳೆ ಬಿಸಿಲಿಗೆ ಅಂಗಳದಲ್ಲಿ ನಿಂತಿತು. ವಿಷು ಹಬ್ಬಕ್ಕೆ ಲೆಕ್ಕ ನಲವತ್ತೊಂದು.

ಶೆಟ್ರು ನನ್ನನ್ನೂ ಕರೆದುಕೊಂಡು ಪಶು ಆಸ್ಪತ್ರೆಗೆ ಹೋದರು, ಮೊಲದ ಬುಟ್ಟಿ ಹಿಡಿದುಕೊಳ್ಳಲು. ಡಾಕ್ಟರಮ್ಮ ಹೊಸಬರು, ಹಾಸನದ ಕಡೆಯವರಂತೆ.

"ಗಂಡು ಹೆಣ್ಣು ಬೇರೆ ಬೇರೆ ಗೂಡಿಗೆ ಹಾಕಿ. ಅಷ್ಟೇ ಇರೋದು" ಎಂದರು.

"ಆಗುದಿಲ್ಲ ಡಾಕ್ಟ್ರೇ. ಆಣೆ ಉಂಟು."

"ಯಾರಿಗೆ, ಮೊಲಕ್ಕಾ?"

"ನನಗೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಮೊದಲಿನಿಂದ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟು, "ನನ್ನ ಹತ್ರ ಇರೋದು ಹುಳದ ಔಷಧಿ" ಎಂದರು.

ಶೆಟ್ರು ಮೆಲ್ಲಗೆ ಕೇಳಿದರು. "ನೀವೊಂದು ಚೀಟಿ ಬರೆದು ಕೊಟ್ಟರೆ ಹೇಗೆ? ಡಾಕ್ಟ್ರು ಹೇಳಿದ್ದಕ್ಕೆ ಅಗಲಿಸಿದ್ದು, ನಾನಾಗಿ ಅಲ್ಲ, ಅಂತ."

"ಚೀಟಿ ಯಾರ ಹೆಸರಿಗೆ ಬರೀಲಿ?"

ಶೆಟ್ರು ಮೇಲೆ ನೋಡಿದರು. ಡಾಕ್ಟರಮ್ಮನೂ ಮೇಲೆ ನೋಡಿದರು, ಅಲ್ಲಿ ಫ್ಯಾನು ತಿರುಗುತ್ತಿತ್ತು. "ಆ ಹೆಸರಿಗೆಲ್ಲ ಬರೆಯೋ ಅಧಿಕಾರ ನನಗಿಲ್ಲ" ಎಂದು ಹುಳದ ಔಷಧಿ ಕೊಟ್ಟು ಕಳಿಸಿದರು. ಹುಳ ಹೋದ ಮೇಲೆ ಮೊಲಗಳು ಇನ್ನಷ್ಟು ಹುರುಪಾದವು.

ಅದೇ ವಾರ ಶೆಟ್ರು ಗಟ್ಟಿ ಮನಸ್ಸು ಮಾಡಿ ಒಂದು ಗಂಡನ್ನು ಅರ್ಧ ಗಂಟೆ ಬೇರೆ ಬುಟ್ಟಿಯಲ್ಲಿ ಇಟ್ಟು ನೋಡಿದರು. ಒಳಗೆ ಮಿಕ್ಸಿ ಸುಟ್ಟು ಹೊಗೆ ಬಂತು. ಅವರ ಹೆಂಡತಿ ಶಶಿಪ್ರಭಕ್ಕ ಅರ್ಧ ಅರೆದ ಚಟ್ನಿಯ ಜೊತೆಗೇ ಹೊರಗೆ ಬಂದು, "ಮೊದಲು ಅದನ್ನು ಒಳಗೆ ಬಿಡಿ. ಇವತ್ತು ಮಿಕ್ಸಿ, ನಾಳೆ ಎಂತದ್ದೋ" ಎಂದರು. ಆ ಮಿಕ್ಸಿ ಹನ್ನೆರಡು ವರ್ಷ ಹಳೆಯದು ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಮಾಸ್ಟ್ರೇ, ಆಣೆ ಇರುವುದು ಮೊದಲಿನ ಜೋಡಿಗೆ ಮಾತ್ರ ಅಲ್ಲವಾ? ಮಕ್ಕಳನ್ನು ಅಗಲಿಸಬಹುದಲ್ಲ?" ಎಂದು ಶೆಟ್ರು ಪಾಗಾರದ ಮೇಲೆ ಚಹಾ ಇಡುತ್ತಾ ಕೇಳಿದರು.

ಮಾಸ್ಟ್ರು ಪೇಪರು ಮಡಚಿ ಇಟ್ಟರು. "ಮಕ್ಕಳೂ ಜೋಡಿಯಾದ ಮೇಲೆ ಜೋಡಿಯೇ ಶೆಟ್ರೇ. ಅಪ್ಪ ಅಮ್ಮನಿಗೆ ಒಂದು ನ್ಯಾಯ, ಮಕ್ಕಳಿಗೆ ಒಂದು ನ್ಯಾಯ ಆಗುವುದಿಲ್ಲ" ಎಂದು ತೀರ್ಪು ಕೊಟ್ಟರು.

ಶೆಟ್ರು ಆ ದಿನ ಚಹಾ ಪೂರ್ತಿ ಕುಡಿಯಲಿಲ್ಲ. ನಾನು ನೋಡಿದೆ.

ಆಮೇಲೆ ಮೈಮೂನಮ್ಮನ ಬಸಳೆ ಹೋಯಿತು. ಮೈಮೂನಮ್ಮನ ಮನೆ ಶೆಟ್ರ ಹಿಂದಿನ ಬದಿಗೆ. ಅವರ ಬಸಳೆ ಚಪ್ಪರ ಎಂದರೆ ಅದರ ಕೆಳಗೆ ಮದುವೆ ಮಾಡಬಹುದು, ಅಷ್ಟು ದೊಡ್ಡದು. ಒಂದು ಬೆಳಿಗ್ಗೆ ಬಲೆ ತೂರಿದ ಒಂಬತ್ತು ಮೊಲ ಅದರ ಬುಡಗಳನ್ನೆಲ್ಲ ಕಡಿದು ಹಾಕಿದವು. ಮೈಮೂನಮ್ಮ ಒಂದು ಮೊಲವನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದು ಪಾಗಾರದ ಹತ್ತಿರ ನಿಂತರು.

"ಶೆಟ್ರೇ, ಒಂಬತ್ತು ಬಂದದ್ದು, ಎಂಟು ಹಿಂದೆ ಓಡಿತು. ಇದು ನನ್ನ ಹತ್ತಿರ ಇರಲಿ. ಬಾಸಿತ್ ನಾಳೆ ಊರಿಗೆ ಬರ್ತಾನೆ."

ಬಾಸಿತ್ ಅವರ ಅಳಿಯ. ಮಾಸ್ಟ್ರಿಗೆ ಗಾಬರಿಯಾಯಿತು. "ಮೈಮೂನಮ್ಮ, ಅದರ ಮೇಲೆ ಆಣೆ ಉಂಟು. ತಿನ್ನುವುದಿಲ್ಲ ಅಂತ ನೀವೂ ಒಂದು ಮಾತು ಕೊಟ್ಟರೆ..."

"ನನಗೆ ಆಣೆ ಎಲ್ಲ ಬೇಡ ಮಾಸ್ಟ್ರೇ. ನಾನು ತಿನ್ನುವುದಿಲ್ಲ ಅಂದರೆ ತಿನ್ನುವುದಿಲ್ಲ. ತಿನ್ನುತ್ತೇನೆ ಅಂದರೆ ತಿನ್ನುತ್ತೇನೆ. ಈಗ ತಿನ್ನುತ್ತೇನೆ ಅಂತ ಹೇಳುವುದಕ್ಕೇ ಬಂದದ್ದು."

ಇಷ್ಟು ಸ್ಪಷ್ಟವಾದ ಮಾತು ಆ ಪಾಗಾರದ ಹತ್ತಿರ ಅದರ ಮೊದಲು ಕೇಳಿದ ನೆನಪು ನನಗಿಲ್ಲ. ಶೆಟ್ರು ಕೈ ಮುಗಿದು, ಬಸಳೆಗೆ ಬದಲು ತಮ್ಮ ತೊಂಡೆ ಚಪ್ಪರವನ್ನೇ ಬರೆದುಕೊಟ್ಟ ಹಾಗೆ ಮಾತಾಡಿ ಮೊಲವನ್ನು ಬಿಡಿಸಿಕೊಂಡರು. ಮೈಮೂನಮ್ಮ ಹೋಗುವಾಗ, "ನೀವಿಬ್ಬರೂ ಓದಿದವರು. ಒಂದು ಮಾತಿಗೆ ನಲವತ್ತು ಪ್ರಾಣಿ ಸಾಕುವುದಕ್ಕಿಂತ ಹೋಗಿ ಆ ಮಾತನ್ನು ಬಿಡಿಸಿ ಬರುವುದಲ್ಲವಾ?" ಎಂದರು.

ಅದು ಯಾರ ಕಿವಿಗೂ ಆಗ ಹೋಗಲಿಲ್ಲ. ಶೆಟ್ರಿಗೆ ಸಿಟ್ಟು ಏರಿತ್ತು. ಅವರು ಹತ್ತು ಮೊಲಗಳನ್ನು ಎರಡು ಬುಟ್ಟಿಯಲ್ಲಿ ತುಂಬಿ, ಜೋಡಿ ತಪ್ಪದ ಹಾಗೆ ಎಣಿಸಿ, ಮಾಸ್ಟ್ರ ಗೇಟಿಗೆ ತಂದರು. "ನೀವು ಕೊಲ್ಲುವವರಲ್ಲ. ನಿಮಗೆ ಕೊಟ್ಟರೆ ಆಣೆ ಮುರಿಯುವುದಿಲ್ಲ. ತೆಗೆದುಕೊಳ್ಳಿ" ಎಂದರು. ಮಾತು ನ್ಯಾಯವಾಗಿಯೇ ಇತ್ತು. ಆದರೆ ಗೇಟಿನಲ್ಲಿ ತುಂಗಕ್ಕ ನಿಂತಿದ್ದರು, ಅವರ ಹಿಂದೆ ಆಗ ತಾನೇ ಚಿಗುರಿದ ಮಲ್ಲಿಗೆ.

"ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳುವ ಕ್ರಮ ಈ ಮನೆಯಲ್ಲಿ ಇಲ್ಲ ಶೆಟ್ರೇ" ಎಂದರು ತುಂಗಕ್ಕ.

"ಹಾಗಾದರೆ ಆಣೆ ಹಾಕಿಸುವ ಕ್ರಮ ಮಾತ್ರ ಇರುವುದಾ?"

ಮಾಸ್ಟ್ರು ಜಗಲಿಯಿಂದ, "ಹಾಕಿದವರು ನೀವು. ನಾನು ಹೇಳಿಕೊಟ್ಟದ್ದು ಮಾತ್ರ" ಎಂದರು. ಹೇಳಬಾರದಿತ್ತು. ಶೆಟ್ರು ಬುಟ್ಟಿಗಳನ್ನು ಎತ್ತಿಕೊಂಡು ಹೋದರು. ಆ ಸಂಜೆ ಪಾಗಾರದ ಮೇಲೆ ಗ್ಲಾಸು ಬರಲಿಲ್ಲ.

ಮರುದಿನವೂ ಬರಲಿಲ್ಲ. ಪೇಪರು ಮಾತ್ರ ಒಂದೇ, ಅದನ್ನು ಆಚೆ ಈಚೆ ದಾಟಿಸುವ ಕೆಲಸ ನನಗೆ ಬಂತು. "ಅವರಿಗೆ ಕೊಡು" ಎಂದು ಇವರು, "ಅವರದ್ದು ಆಯಿತಾ ಕೇಳು" ಎಂದು ಅವರು. ಎಪ್ಪತ್ತು ದಾಟಿದ ಇಬ್ಬರು ಗಂಡಸರು ಹೆಸರು ಹೇಳದೆ "ಅವರು" "ಅವರು" ಎನ್ನುವುದನ್ನು ಕೇಳಿದರೆ ಹೊಸದಾಗಿ ಮದುವೆಯಾದವರ ನೆನಪಾಗುತ್ತಿತ್ತು. ಮೂರು ವಾರ ಹೀಗೆ ನಡೆಯಿತು. ಐದು ಗಂಟೆಗೆ ಮಾಸ್ಟ್ರು ಜಗಲಿಯಲ್ಲಿ ಪಾಗಾರಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಮೊಬೈಲೂ ನೋಡುತ್ತಿರಲಿಲ್ಲ. ಯಾರಿಗೂ ಏನೂ ಕಲಿಸುತ್ತಲೂ ಇರಲಿಲ್ಲ.

ತುಂಗಕ್ಕ ನನ್ನನ್ನು ಹಟ್ಟಿಯ ಹತ್ತಿರ ಕರೆದರು. "ಸೇಸಮ್ಮ, ಇವರು ಒಂದು ತುತ್ತು ತಿಂದು ಏಳ್ತಾರೆ. ಆಚೆ ಮನೆಯಲ್ಲಿಯೂ ಹಾಗೆಯೇ ಅಂತೆ, ಶಶಿಪ್ರಭ ಹೇಳಿದಳು. ಮೈಮೂನಮ್ಮ ಹೇಳಿದ್ದು ಸರಿ. ಹೋಗಿ ಬಿಡಿಸಿ ಬರಲಿ. ಇವರು ಶೆಟ್ರ ಜೊತೆ ಮಾತಾಡದೆ ಹೋಗುವುದು ಹೇಗೆ? ನೀನು ಸಾಕ್ಷಿ, ನೀನು ನಡುವೆ ಹೋಗು."

ಎರಡೂ ಮನೆಗೆ ಹೇಳಿ ಸೋಮವಾರ ಎಂದು ದಿನ ಮಾಡಿದೆ. ಮಾಸ್ಟ್ರು ಒಂದು ಮಾತು ಸೇರಿಸಿದರು. "ಸಾಕ್ಷಿ ಎಂದರೆ ಬಾಯಿಮಾತು ಸಾಲದು. ದಿನಾ ಬರೆಯುತ್ತಿ ಎಂದು ಹೇಳುತ್ತಿದ್ದೆಯಲ್ಲ, ಆ ಪುಸ್ತಕ ತಾ."

ಮೂಡುಬಿದಿರೆಯಲ್ಲಿ ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದೆವು. ಮೂವರು ಕೂರುವ ಸೀಟು. ಕಿಟಕಿಯ ಬದಿಗೆ ಶೆಟ್ರು, ಈಚೆ ಬದಿಗೆ ಮಾಸ್ಟ್ರು, ನಡುವೆ ನಾನು. ಕಂಡಕ್ಟರ್ ಬಂದಾಗ ಶೆಟ್ರು "ಎರಡು ಧರ್ಮಸ್ಥಳ" ಎಂದರು, ಮಾಸ್ಟ್ರೂ "ಎರಡು ಧರ್ಮಸ್ಥಳ" ಎಂದರು. ಕಂಡಕ್ಟರ್ ಸೀಟಿನಲ್ಲಿ ಇದ್ದವರನ್ನು ಎಣಿಸಿ, ಸೀಟಿನ ಕೆಳಗೂ ಬಗ್ಗಿ ನೋಡಿದ. ನನ್ನ ಕೈಯಲ್ಲಿ ಎರಡು ಟಿಕೆಟು ಬಂತು. ಅಷ್ಟು ಗೌರವದಿಂದ ನಾನು ಮೊದಲು ಎಲ್ಲಿಗೂ ಹೋದವಳಲ್ಲ.

ಮಾಸ್ಟ್ರು ನನ್ನ ಪುಸ್ತಕ ತೆಗೆದುಕೊಂಡರು. ಕಿಸೆಯಿಂದ ಕೆಂಪು ಪೆನ್ನು ಹೊರಗೆ ಬಂತು. ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಆ ಪೆನ್ನು ಅವರ ಕಿಸೆಯಿಂದ ನಿವೃತ್ತಿಯಾಗಿಲ್ಲ. ಬಸ್ಸು ಕುಲುಕುತ್ತಿತ್ತು, ಅವರು ಒಂದೊಂದೇ ಪುಟ ತಿದ್ದುತ್ತಾ ಹೋದರು. "ಇದಕ್ಕೆ ಒತ್ತು ಬಿಟ್ಟಿದ್ದಿ." ಸ್ವಲ್ಪ ದೂರ ಹೋದ ಮೇಲೆ, "ಈ ಆಡು ಯಾವಾಗ ಸತ್ತದ್ದು? ನನಗೆ ಹೇಳಲೇ ಇಲ್ಲ." ವೇಣೂರು ದಾಟಿತು. ದೀಪಾವಳಿಯ ಪುಟ ಬಂತು.

ಪೆನ್ನು ನಿಂತಿತು.

ಅವರು ಆ ಪುಟವನ್ನು ಓದಿದರು, ಮುಂದಿನದನ್ನು ಓದಿದರು, ಹಿಂದೆ ಬಂದು ಮೊದಲಿನದನ್ನು ಇನ್ನೊಮ್ಮೆ ಓದಿದರು. ನಾನು ಇಣುಕಿದೆ. ಅಲ್ಲಿ ನನ್ನ ಅಕ್ಷರದಲ್ಲಿ ಹೀಗಿತ್ತು:

"ಮಾಸ್ಟ್ರು ಶೆಟ್ರಿಗೆ ಮೊಲ ಕೊಟ್ಟರು. ಕೊಲ್ಲುವುದಿಲ್ಲ, ಕೊಲ್ಲುವವರಿಗೆ ಕೊಡುವುದಿಲ್ಲ ಎಂದು ಎರಡು ಮಾತಿನ ಆಣೆ ಆಯಿತು."

ಮರುದಿನದ್ದು: "ರಾತ್ರಿ ನಿದ್ದೆ ಬರಲಿಲ್ಲ, ಜೋಡಿ ಅಗಲಿಸಬೇಡಿ ಎಂದು ಮಾಸ್ಟ್ರು ಇವತ್ತು ಚಹಾ ಕುಡಿಯುವಾಗ ಹೇಳಿದರು. ಶೆಟ್ರು ಪೇಪರು ಓದುತ್ತಾ ತಲೆ ಆಡಿಸಿದರು."

ನಿಜ ಹೇಳುತ್ತೇನೆ, ನನಗೂ ನೆನಪಿರಲಿಲ್ಲ. ಬರೆಯುವುದರ ಗುಣವೇ ಅದು. ಬರೆದದ್ದು ತಲೆಯಿಂದ ಇಳಿದು ಪುಸ್ತಕಕ್ಕೆ ಹೋಗುತ್ತದೆ, ತಲೆ ಹಗುರಾಗುತ್ತದೆ. ಆರು ತಿಂಗಳು ಊರೆಲ್ಲ ಮೂರು ಮೂರು ಎನ್ನುವಾಗ ನನ್ನ ನೆನಪೂ ಮೂರೇ ಆಗಿತ್ತು.

ಮಾಸ್ಟ್ರು ಹೊರಗೆ ನೋಡಿದರು. ತಪ್ಪನ್ನು ತಿದ್ದಿಯೇ ಆಯುಸ್ಸು ಕಳೆದವರು ಅವರು, ಅವರ ತಪ್ಪನ್ನು ತಿದ್ದಿದವರು ತುಂಗಕ್ಕ ಒಬ್ಬರೇ. ಪುಸ್ತಕ ಮುಚ್ಚಿಬಿಟ್ಟರೆ ನಾನು ಬಾಯಿ ಬಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಗುರುವಾಯನಕೆರೆ ಬರುವವರೆಗೆ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದರು. ಆಮೇಲೆ ಪುಸ್ತಕವನ್ನು ಬಿಡಿಸಿ, ನನ್ನ ಮಡಿಲು ದಾಟಿಸಿ, ಶೆಟ್ರ ತೊಡೆಯ ಮೇಲೆ ಇಟ್ಟರು.

ಶೆಟ್ರು ಓದಿದರು. ಇಪ್ಪತ್ತಾರು ದಿನದ ಮೇಲೆ ಇಬ್ಬರ ನಡುವೆ ಮೊದಲ ಮಾತು ಬಂತು.

"ಮೂರನೆಯದು ಆಣೆಯೇ ಅಲ್ಲವಾ?"

"ಅಲ್ಲ. ನಾನು ಆಮೇಲೆ ಸೇರಿಸಿದ್ದು."

"ನಾನು ಹಾಕಿಲ್ಲ."

"ಹಾಕಿಲ್ಲ. ತಪ್ಪು ನನ್ನದು ಶೆಟ್ರೇ."

"ನಲವತ್ತು ದಾಟಿತು ಮೊಲ ಮಾಸ್ಟ್ರೇ."

"ಹೌದು."

"ಕಾರು ಸುಗ್ಗಿಯಿಂದ ಹೊರಗೆ."

"ಹೌದು."

"ಮಿಕ್ಸಿ?"

ಮಾಸ್ಟ್ರು ಯೋಚಿಸಿದರು. "ಮಿಕ್ಸಿಗೆ ನಾನು ಜವಾಬ್ದಾರ ಅಲ್ಲ."

ಶೆಟ್ರ ಹೊಟ್ಟೆ ಕುಲುಕಲು ಶುರುವಾಯಿತು. ಮೊದಲು ಬಸ್ಸಿನ ಕುಲುಕಾಟ ಎಂದುಕೊಂಡೆ. ಬಸ್ಸು ಬೆಳ್ತಂಗಡಿಯಲ್ಲಿ ನಿಂತ ಮೇಲೂ ಅದು ನಿಲ್ಲಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡು ಶೆಟ್ರು, "ಸೇಸಮ್ಮ, ನೀವು ಈಚೆ ಕಿಟಕಿಗೆ ಬನ್ನಿ, ಗಾಳಿ ಬರ್ತದೆ" ಎಂದರು. ನಾನು ಕಿಟಕಿಗೆ ಹೋದೆ, ಅವರು ನಡುವೆ ಬಂದರು.

"ಈಗ ಇಳಿದು ಹಿಂದೆ ಹೋಗುವುದಾ?" ಎಂದು ಮಾಸ್ಟ್ರು ಕೇಳಿದರು.

"ಟಿಕೆಟು ತೆಗೆದಾಗಿದೆ. ಸೇಸಮ್ಮನಿಗೆ ಎರಡೆರಡು. ದರ್ಶನ ಮಾಡುವ, ಊಟ ಮಾಡುವ, ಬರುವ."

"ಉಳಿದ ಎರಡು ಮಾತು? ಅದನ್ನು ಬೇಕಾದರೆ ಇವತ್ತೇ ಬಿಡಿಸಬಹುದು."

ಶೆಟ್ರು ತಮ್ಮ ಟಿಕೆಟನ್ನು ಮಡಚಿ ಕಿಸೆಗೆ ಹಾಕುವಾಗ ಬಸ್ಸು ಉಜಿರೆ ದಾಟಿತು. "ಅದು ಇರಲಿ. ಅದು ನಾನು ಹಾಕಿದ್ದು" ಎಂದರು.

ದೇವರ ಎದುರು ಇಬ್ಬರೂ ಕಣ್ಣು ಮುಚ್ಚಿ ನಿಂತರು. ಯಾರು ಏನು ಹೇಳಿಕೊಂಡರು ಎಂದು ನಾನು ಕೇಳಲಿಲ್ಲ. ಊಟದ ಪಂಕ್ತಿಯಲ್ಲಿ ಮಾಸ್ಟ್ರು ಎರಡು ಸಲ ಅನ್ನ ಹಾಕಿಸಿಕೊಂಡರು, ಅದನ್ನು ತುಂಗಕ್ಕನಿಗೆ ಹೇಳಬೇಕು ಎಂದು ನೆನಪಿಟ್ಟುಕೊಂಡೆ.

ಮರುದಿನವೇ ಶೆಟ್ರ ಅಂಗಳದಲ್ಲಿ ಎರಡು ಗೂಡು ಎದ್ದಿತು. ಗಂಡುಗಳಿಗೆ ಒಂದು, ಹೆಣ್ಣುಗಳಿಗೆ ಒಂದು. ವಿಂಗಡಿಸುವ ಕೆಲಸ ಮಾಸ್ಟ್ರದ್ದು. ಮಾಡಿದ ತಪ್ಪಿಗೆ ಅಷ್ಟಾದರೂ ಮಾಡುತ್ತೇನೆ ಎಂದು ಹಟ ಹಿಡಿದರು. ಹಿಂದಿನ ದಿನ ಮೊಬೈಲಿನಲ್ಲಿ ನೋಡಿದ್ದರು. ಒಂದೊಂದು ಮೊಲವನ್ನೂ ಅಂಗಾತ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, "ಗಂಡು" "ಹೆಣ್ಣು" ಎಂದು ಹಾಜರಿ ಕರೆದ ಹಾಗೆ ಕರೆದರು, ಶೆಟ್ರು ಗೂಡಿಗೆ ಬಿಟ್ಟರು. ಹಿಕ್ಕೆಯನ್ನು ತುಂಗಕ್ಕ ತಾವೇ ಬುಟ್ಟಿ ತಂದು ಮಲ್ಲಿಗೆಗೆ ಒಯ್ದರು. ಮೈಮೂನಮ್ಮನಿಗೂ ಒಂದು ಬುಟ್ಟಿ ಹೋಯಿತು, ಬಸಳೆಗೆ. ಐದು ಗಂಟೆಗೆ ಪಾಗಾರದ ಮೇಲೆ ಎರಡು ಗ್ಲಾಸು ಬಂತು.

ಗಂಡುಗಳ ಗೂಡಿನಲ್ಲಿ ಒಂದು ಮೊಲ ಹೊಟ್ಟೆಯ ರೋಮ ಕಿತ್ತು ಕಿತ್ತು ಮೂಲೆಯ ಹುಲ್ಲಿನ ಮೇಲೆ ಹಾಸುವುದನ್ನು ನಾನು ಕಂಡದ್ದು ಅದಾಗಿ ಇಪ್ಪತ್ತೆಂಟನೆಯ ದಿನ. ಆಡು ಸಾಕಿದವಳು ನಾನು, ಅಷ್ಟು ತಿಳಿಯುತ್ತದೆ. ಆದರೆ ಮಾಸ್ಟ್ರು ಆ ಹೊತ್ತಿಗೆ ಶೆಟ್ರ ಜೊತೆ ಯಾವುದೋ ದೂರದ ದೇಶದ ಚುನಾವಣೆ ಮಾತಾಡುತ್ತಿದ್ದರು, ಸ್ವರ ಹಿಂದಿನ ಹಾಗೆಯೇ ಏರಿತ್ತು. ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ. ಎರಡು ದಿನ ಬಿಟ್ಟು, ಕಂಡದ್ದನ್ನು ಎರಡು ಸಾಲು ಬರೆದೆ.

ಈಗ ಪ್ರತಿ ಶನಿವಾರ ಮಾಸ್ಟ್ರು ನನ್ನ ಪುಸ್ತಕ ನೋಡುತ್ತಾರೆ. ಅವತ್ತೂ ಪಾಗಾರದ ಮೇಲೆ ಬಿಡಿಸಿ ಇಟ್ಟು ಓದಿದರು:

"ಮಾಸ್ಟ್ರು ಗಂಡು ಹೆಣ್ಣು ಬೇರೆ ಮಾಡಿದರು. ಇವತ್ತು ಗಂಡುಗಳ ಗೂಡಿನಲ್ಲಿ ಆರು ಮರಿ."

ಕೆಂಪು ಪೆನ್ನು ತೆಗೆದು ಆ ಎರಡು ಸಾಲಿನ ಮೇಲೆ ಹಿಂದೆ ಮುಂದೆ ಆಡಿಸಿದರು. ಬಹಳ ಹೊತ್ತು ಹುಡುಕಿದರು. ಕೊನೆಗೆ ಬದಿಯಲ್ಲಿ ಒಂದು ಸರಿ ಗುರುತು ಹಾಕಿದರು. ಮೂವತ್ತೈದು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲನೆಯದು.

"ಎಂತ ಬರೆದಿದ್ದಾರೆ?" ಎಂದು ಆಚೆಯಿಂದ ಶೆಟ್ರು ಕೇಳಿದರು.

"ಸರಿಯಾಗಿಯೇ ಬರೆದಿದ್ದಾರೆ."

ಶೆಟ್ರು ಪುಸ್ತಕವನ್ನು ನೋಡಲಿಲ್ಲ, ಮಾಸ್ಟ್ರ ಮುಖ ನೋಡಿದರು.

"ಎಷ್ಟು?"

"ಆರು."

ಶೆಟ್ರು ಒಂದು ನಿಟ್ಟುಸಿರು ಬಿಟ್ಟು ಚಹಾದ ಗ್ಲಾಸನ್ನು ಪಾಗಾರದ ಮೇಲೆ ಆಚೆಯಿಂದ ಈಚೆಗೆ ತಳ್ಳಿದರು. "ಕುಡಿಯಿರಿ ಮೊದಲು" ಎಂದರು. "ತಣ್ಣಗಾಗ್ತದೆ."